ಇಬ್ಬರು ಸಪ್ಲೈಯರ್ ಇದ್ದಾರಂತೆ, ಇನ್ನೇನು ಭಯವಂತೆ!

ಫ್ಯಾಕ್ಟರಿಗೆ ಯಾವ ಬಿಡಿಭಾಗ ಸಿಗದೇ ಹೋಗೋ ಅಪಾಯ ಎಷ್ಟು ಅಂತ ಬಣ್ಣದಲ್ಲಿ ತೋರಿಸೋ ಇನ್ನೊಂದು ರಿಸ್ಕ್ ಶೀಟ್ ಈಗಷ್ಟೇ ಕಣ್ಣಿಗೆ ಬಿತ್ತು. ಮೇಲಿಂದ ಕೆಳಗಿನವರೆಗೂ ಹಸಿರೋ ಹಸಿರು, ಅಂದ್ರೆ ಭಯವೇ ಇಲ್ಲವಂತೆ. ಯಾಕಪ್ಪಾ ಅಂದ್ರೆ ಪಕ್ಕದ ಕಾಲಂನಲ್ಲಿ ಒಂದೇ ಮಂತ್ರ: ‘ಇಬ್ಬರು ಸಪ್ಲೈಯರ್ ಇದ್ದಾರೆ’. ಈ ವಿಷಯದಲ್ಲಿ ನನಗೆ ತಾಳ್ಮೆ ಕಮ್ಮಿ ಅಂತ ನಿಮಗೆಲ್ಲ ಗೊತ್ತೇ ಇದೆ. ಸ್ವಾಮಿ, ಆ ಇಬ್ಬರೂ ಕಚ್ಚಾಮಾಲು ತರೋದು ಎಲ್ಲಿಂದ?

2012ರ ಮಾರ್ಚ್‌ನಲ್ಲಿ ಜರ್ಮನಿಯ ಮಾರ್ಲ್‌ನಲ್ಲಿ ಎವೋನಿಕ್ ಅನ್ನೋ ರಾಸಾಯನಿಕ ಕಂಪನಿಯ ಘಟಕ ಸ್ಫೋಟಗೊಂಡಿತು. ಅಲ್ಲಿ ತಯಾರಾಗ್ತಿದ್ದದ್ದು ಸಿಡಿಟಿ ಅನ್ನೋ ರಾಸಾಯನಿಕ. ಅದರಿಂದ ನೈಲಾನ್-12 ಅನ್ನೋ ಪ್ಲಾಸ್ಟಿಕ್, ನೈಲಾನ್-12ರಿಂದ ಕಾರಿನ ಇಂಧನದ ಪೈಪು, ಬ್ರೇಕ್ ಪೈಪು. ಪೈಪು ಮಾಡೋರು ಬೇಕಾದಷ್ಟು ಜನ ಇದ್ರು. ಸಿಡಿಟಿ ಮಾಡೋ ಘಟಕಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಏಪ್ರಿಲ್ ಹೊತ್ತಿಗೆ ಎದುರಾಳಿ ಕಾರು ಕಂಪನಿಗಳೆಲ್ಲ ಒಂದೇ ಕೋಣೆಯಲ್ಲಿ ಕೂತು ಬದಲಿ ಪ್ಲಾಸ್ಟಿಕ್ಕಿಗೆ ಬೇಗ ಒಪ್ಪಿಗೆ ಕೊಡೋದು ಹೇಗೆ ಅಂತ ತಲೆ ಕೆರ್ಕೊಳ್ತಿದ್ರು. ಅವರ ಶೀಟುಗಳಲ್ಲೂ ಪೈಪಿನ ಸಾಲು ಹಸಿರಾಗೇ ಇದ್ದಿರಬೇಕು, ಬಿಡಿ.

ಅಸಲಿ ಮಜಾ ಇರೋದು ಕೊರತೆ ಬಂದಾಗ. ವಾರಕ್ಕೆ ಬೇಕಿರೋದು 1,000 ಪೀಸ್, ಇಬ್ಬರಿಗೂ ತಲಾ 500 ಆರ್ಡರ್ ಅಂತಿಟ್ಕೊಳ್ಳಿ. ಮಾಲು ಸಿಗೋದು ಕಷ್ಟ ಅಂತ ಸುದ್ದಿ ಬಂದಕೂಡಲೇ ಪರ್ಚೇಸ್‌ನವರು ‘ಯಾರಾದ್ರೂ ಒಬ್ರು ಕೊಡ್ಲಿ’ ಅಂತ ಇಬ್ಬರಿಗೂ 1,000 ಹಾಕ್ತಾರೆ. ಅವರಿಬ್ಬರೂ ಎಲ್ಲಾದ್ರೂ ಕಮ್ಮಿ ಬಿದ್ದೀತು ಅಂತ ಶೇ. 20 ಸೇರಿಸಿ ತಲಾ 1,200 ಪೀಸಿನ ಮಾಲು ಕೇಳ್ತಾರೆ. ಇಬ್ಬರಿಗೂ ಕಚ್ಚಾಮಾಲು ಕೊಡೋ, ಹಿಂದೆ ಕೂತಿರೋ ಆ ಒಬ್ಬನಿಗೆ ಕಾಣೋದು 2,400. ನಿಜವಾದ ಬೇಡಿಕೆ ಅದೇ 1,000! ಅವನು ಆರ್ಡರಿನ ಗಾತ್ರ ನೋಡಿ ಹಂಚಿದನೋ, ಮುಂದಿನ ವಾರ ಎಲ್ಲರೂ ಇನ್ನೂ ಉಬ್ಬಿಸಿ ಬರೀತಾರೆ. ಕೊರತೆ ನೀಗಿತು ಅಂದ ದಿನ ಕ್ಯಾನ್ಸಲೇಷನ್ನುಗಳ ಸುರಿಮಳೆ. ಕಾಪಾಡ್ತಾನೆ ಅಂದ್ಕೊಂಡಿದ್ದ ಎರಡನೇ ಸಪ್ಲೈಯರ್ ಕೊರತೆಯನ್ನೇ ದೊಡ್ಡದು ಮಾಡಿದ ಹಾಗಾಯ್ತು. ಹಂಚಿಕೆ ನಡೀಬೇಕಾದ್ದು ಹಿಂದಿನ ಬಳಕೆಯ ಮೇಲೆ. ನಮ್ಮ ಫ್ಯಾಕ್ಟರಿ ಲೈನ್‌ನಲ್ಲಿ ನಿಜಕ್ಕೂ ಖರ್ಚಾದ ಸಂಖ್ಯೆ ವಾರವಾರ ಇಬ್ಬರು ಸಪ್ಲೈಯರ್, ಕಚ್ಚಾಮಾಲಿನವನು, ಹೀಗೆ ಮೂವರಿಗೂ ಒಟ್ಟಿಗೇ ಹೋಗ್ಬೇಕು. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಏನೂ ಬೇಡ, ಒಂದು ಮೇಲ್ ಸಾಕು.

‘ಸಪ್ಲೈಯರ್‌ಗಳು ತಮ್ಮ ಮೂಲ ಬಿಟ್ಟುಕೊಡಲ್ಲ ಸಾರ್’ ಅಂತೀರಿ. ಒಪ್ಪಿದೆ. ಹೆಸರು ಯಾರಿಗೆ ಬೇಕು? ಘಟಕ ಯಾವ ಊರಲ್ಲಿದೆ, ನಿಂತರೆ ಮತ್ತೆ ಶುರುವಾಗಲು ಎಷ್ಟು ವಾರ, ಇಷ್ಟು ಹೇಳಲಿ ಸಾಕು. ಇಬ್ಬರೂ ಒಂದೇ ಊರು ಹೇಳಿದ್ರೆ ಆ ಸಾಲು ಕೆಂಪು. ಅಲ್ಲಿ ಮತ್ತೆ ಶುರುವಾಗಲು 14 ವಾರ, ನಮ್ಮ ಗೋಡೌನು, ಅವರ ಗೋಡೌನು, ದಾರಿಯಲ್ಲಿರೋ ಲಾರಿ ಎಲ್ಲ ಸೇರಿ ಸ್ಟಾಕ್ 3 ವಾರ ಅಂದ್ರೆ ಲೈನ್ 11 ವಾರ ಖಾಲಿ. ಇದಕ್ಕೆ ಕೂಡಿಸಿ ಕಳೆಯೋಕೆ ಬಂದ್ರೆ ಸಾಲದೇ?

ಬೇರೆ ಮೂಲದ ಮಾಲಿಗೆ ಟೆಸ್ಟ್, ಟ್ರಯಲ್ ಲಾಟ್, ಒಪ್ಪಿಗೆ ಅಂತ ತಿಂಗಳುಗಟ್ಟಲೆ ಹಿಡಿಯುತ್ತೆ. ಬೆಂಕಿ ಬಿದ್ದಮೇಲೆ ಶುರುಮಾಡೋ ಕೆಲಸ ಅಲ್ಲ ಅದು. ಇನ್ನು ಆ ಎರಡನೆಯವನಿಗೆ ನೀವು ಕೊಡ್ತಿರೋದೇ ಶೇ. 10ರಷ್ಟು ಆರ್ಡರ್, ಅವನ ಹತ್ರ ಇರೋದು ಒಂದೇ ಅಚ್ಚು. ಮೊದಲನೆಯವನು ಕೈಕೊಟ್ಟ ದಿನ ಇವನು ಉಳಿದ 90 ಎಲ್ಲಿಂದ ತರ್ತಾನೆ ಅನ್ನೋದಕ್ಕೆ ಆ ಶೀಟಿನಲ್ಲಿ ಒಂದು ಕಾಲಮ್ಮೂ ಇಲ್ಲ.