ಕಲ್ಲು ಬಂದಿತ್ತು, ಜಾಗ ತಪ್ಪಿತ್ತು

ಶಂಕುಸ್ಥಾಪನೆ ಕಲ್ಲಿನ ವಿಷಯದಲ್ಲಿ ನಮ್ಮನ್ನು ಮೀರಿಸುವವರಿಲ್ಲ ಅಂತ ಬಹಳ ದಿನ ನಂಬಿದ್ದೆ. ಮಂತ್ರಿಗಳ ಹೆಸರು ದಪ್ಪಕ್ಷರದಲ್ಲಿ, ಶಾಸಕರದು ಸ್ವಲ್ಪ ಸಣ್ಣದಾಗಿ, ಸುತ್ತ ಪಾರ್ಥೇನಿಯಂ ಗಿಡ, ಪಕ್ಕದಲ್ಲಿ ಮೇಯುವ ಎಮ್ಮೆ. ಕಟ್ಟಡ ಮಾತ್ರ ಇಲ್ಲ. ಆದರೂ ನಮ್ಮ ಕಲ್ಲುಗಳಿಗೆ ಒಂದು ನಿಯತ್ತಿದೆ. ನೆಟ್ಟ ಜಾಗ ಬಿಟ್ಟು ಕದಲುವುದಿಲ್ಲ.

ನ್ಯೂಯಾರ್ಕಿನ ಕಲ್ಲು ಕದಲಿತು.

2004ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಅವಳಿ ಗೋಪುರಗಳು ಕುಸಿದ ಜಾಗದಲ್ಲಿ 'ಫ್ರೀಡಂ ಟವರ್' ಕಟ್ಟಲು ಶಂಕುಸ್ಥಾಪನೆ. ಮಾಡಿದವರು ನ್ಯೂಯಾರ್ಕ್ ರಾಜ್ಯದ ಗವರ್ನರ್ ಜಾರ್ಜ್ ಪಟಾಕಿ. ಸುಮ್ನೆ ತಮಾಷೆಗೆ ಇಟ್ಟ ಹೆಸರಲ್ಲ, ಅವರ ಹೆಸರೇ ಅದು. ಕಲ್ಲು 20 ಟನ್ ಗ್ರಾನೈಟ್, ಅಡಿರಾಂಡಾಕ್ ಬೆಟ್ಟಗಳಿಂದ ತಂದದ್ದು. ಅದರ ಮೇಲೆ ದಾಳಿಯಲ್ಲಿ ಸತ್ತವರ ನೆನಪಿಗೆ ನಾಲ್ಕು ಸಾಲು.

ಇಷ್ಟು ಅವಸರ ಯಾಕೆ ಅಂತ ಕೇಳಬೇಡಿ. ಅದು ಚುನಾವಣೆಯ ವರ್ಷ. ಆಗಸ್ಟ್ ಕೊನೆಗೆ ರಿಪಬ್ಲಿಕನ್ ಪಕ್ಷದ ಸಮಾವೇಶ ಅದೇ ಊರಿನಲ್ಲಿತ್ತು, ಗವರ್ನರ್ ಕೂಡ ಅದೇ ಪಕ್ಷದವರು. ನಾವಿದನ್ನೆಲ್ಲ ಹೊಸದಾಗಿ ಕಲಿಯಬೇಕಾಗಿಲ್ಲ, ಅಲ್ವಾ?

ಮರುವರ್ಷ ಪೊಲೀಸರು ನಕ್ಷೆ ನೋಡಿ ತಲೆ ಚಚ್ಚಿಕೊಂಡರು. ಕಟ್ಟಡ ರಸ್ತೆಗೆ ತೀರಾ ಹತ್ತಿರ, ಯಾರಾದರೂ ಲಾರಿಯಲ್ಲಿ ಬಾಂಬ್ ತಂದರೆ ಗತಿಯೇನು? ದಾಳಿಗೆ ಕುಸಿದ ಗೋಪುರಗಳ ಜಾಗದಲ್ಲಿ ಕಟ್ಟುವ ಕಟ್ಟಡದ ಮೇಲೂ ದಾಳಿ ಆಗಬಹುದು ಅನ್ನುವ ಯೋಚನೆ ಪೂಜೆ ಮುಗಿದ ಮೇಲೆ ಬಂತು. ಗೋಪುರವನ್ನು ಹಿಂದಕ್ಕೆ ಸರಿಸಿ ಹೊಸದಾಗಿ ನಕ್ಷೆ ಬರೆದರು. ಕಲ್ಲು ಇದ್ದಲ್ಲೇ ಉಳಿಯಿತು, ಅದರ ಮೇಲೆ ಬರಬೇಕಿದ್ದ ಗೋಪುರ ಪಕ್ಕಕ್ಕೆ ಹೋಯಿತು. ಮುಹೂರ್ತ ಮುಗಿಸಿ ಆಮೇಲೆ ಹೆಣ್ಣು ನೋಡಲು ಹೋದ ಹಾಗೆ. ಕೊನೆಗೆ 2006ರ ಜೂನ್‌ನಲ್ಲಿ ಕಲ್ಲನ್ನು ಎತ್ತಿ ಲಾರಿಗೆ ಹಾಕಿ, ಅದನ್ನು ಕೆತ್ತಿದ ಲಾಂಗ್ ಐಲೆಂಡ್‌ನ ಕಂಪನಿಗೇ ವಾಪಸ್ ಕಳಿಸಿದರು. ಸತ್ತವರ ನೆನಪು ತವರುಮನೆ ಸೇರಿತು.

ಗೋಪುರದ ಎತ್ತರ 1776 ಅಡಿ. ಅಮೆರಿಕ ಸ್ವಾತಂತ್ರ್ಯ ಘೋಷಿಸಿದ ಇಸವಿಯನ್ನೇ ಅಡಿ ಲೆಕ್ಕ ಮಾಡಿದ್ದು ಡೇನಿಯಲ್ ಲಿಬೆಸ್ಕಿಂಡ್. ಕಲ್ಲು ಇಟ್ಟ ಅದೇ ಜುಲೈನಲ್ಲಿ ಆ ವಾಸ್ತುಶಿಲ್ಪಿ ತನ್ನ ಫೀಸು 8,43,750 ಡಾಲರ್ ಬಾಕಿ ಇದೆ ಅಂತ ಜಾಗವನ್ನು ಗುತ್ತಿಗೆಗೆ ಪಡೆದಿದ್ದವರ ಮೇಲೆ ಕೇಸು ಹಾಕಿದರು. 2009ರಲ್ಲಿ 'ಫ್ರೀಡಂ' ಹೆಸರನ್ನೂ ಕೈಬಿಟ್ಟರು. 'ಒನ್ ವರ್ಲ್ಡ್ ಟ್ರೇಡ್ ಸೆಂಟರ್' ಅಂದರೆ ಜನರಿಗೆ ಸುಲಭವಂತೆ. ಬಾಡಿಗೆ ಕರಾರಿನಲ್ಲಿ ಸ್ವಾತಂತ್ರ್ಯಕ್ಕೆ ಜಾಗ ಸಿಗಲಿಲ್ಲ ಅಂತ ನಾನು ಓದಿಕೊಂಡೆ.

ಇನ್ನು ಅದೇ ಆವರಣದಲ್ಲಿ ಸತ್ತವರಿಗಾಗಿ ಕಟ್ಟಬೇಕಿದ್ದ ಸ್ಮಾರಕ. ಸ್ಪರ್ಧೆಗೆ 63 ದೇಶಗಳಿಂದ 5,201 ವಿನ್ಯಾಸಗಳು ಬಂದವು. ತೀರ್ಪುಗಾರರು 13 ಜನ. ಮನೆ ಬಾಗಿಲಿನ ಬಣ್ಣಕ್ಕೆ ಮೂವರು ಒಪ್ಪುವುದೇ ಕಷ್ಟ. 2004ರ ಜನವರಿಯಲ್ಲಿ ಗೆದ್ದಿದ್ದು ಮೈಕೆಲ್ ಅರಾದ್, 34 ವರ್ಷದ ಹುಡುಗ. ನಗರದ ವಸತಿ ಇಲಾಖೆಯಲ್ಲಿ ಪೊಲೀಸ್ ಠಾಣೆಗಳ ನಕ್ಷೆ ಬರೆಯುತ್ತಿದ್ದವನು. ಅವನ ಯೋಚನೆ ಸರಳವಾಗಿತ್ತು. ಗೋಪುರಗಳಿದ್ದ ಜಾಗದಲ್ಲಿ ಎರಡು ದೊಡ್ಡ ಗುಂಡಿ, ಅದರೊಳಕ್ಕೆ ಸುರಿಯುವ ನೀರು, ಸುತ್ತ ಹೆಸರುಗಳು. ಇಲ್ಲದ್ದನ್ನು ಇಲ್ಲ ಅಂತಲೇ ತೋರಿಸುವುದು. ತೀರಾ ಬೋಳು ಅನ್ನಿಸಿತು ತೀರ್ಪುಗಾರರಿಗೆ. ಪೀಟರ್ ವಾಕರ್ ಅನ್ನುವ ಉದ್ಯಾನ ವಿನ್ಯಾಸಕರನ್ನು ಜೊತೆಗೆ ಹಾಕಿ ಮರ ನೆಡಿಸಿದರು, 400ಕ್ಕೂ ಹೆಚ್ಚು.

ಆಮೇಲೆ ನಿಜವಾದ ಜಗಳ ಶುರುವಾಯಿತು. ಹೆಸರುಗಳನ್ನು ಯಾವ ಕ್ರಮದಲ್ಲಿ ಬರೆಯುವುದು?

ಸಾವು ಲೆಕ್ಕವಿಲ್ಲದೆ ಬಂತು, ಹೆಸರೂ ಹಾಗೇ ಚೆಲ್ಲಾಪಿಲ್ಲಿ ಇರಲಿ ಅಂದರು ದೊಡ್ಡವರು. ಅಗ್ನಿಶಾಮಕ ದಳದವರ, ಪೊಲೀಸರ ಹೆಸರಿನ ಪಕ್ಕ ಮಾತ್ರ ಲಾಂಛನ ಇರಲಿ ಅಂದರು. ಅಂದರೆ ಚೆಲ್ಲಾಪಿಲ್ಲಿಯಲ್ಲೂ ಒಂದು ಕೋಟಾ. ಮನೆಯವರು ಸಿಡಿದೆದ್ದರು. ಮಗ ಯಾವ ಕಂಪನಿಯಲ್ಲಿದ್ದ, ಯಾರ ಪಕ್ಕ ಕೂತು ಕೆಲಸ ಮಾಡುತ್ತಿದ್ದ, ಅದಾದರೂ ಬೇಡವೇ? ನಮ್ಮ ಮತದಾರರ ಪಟ್ಟಿಯಲ್ಲಾದರೂ ಮನೆ ನಂಬರ್ ಇರುತ್ತೆ. ಕ್ಯಾಂಟರ್ ಫಿಟ್ಜ್‌ಜೆರಾಲ್ಡ್ ಅನ್ನುವ ಒಂದೇ ಕಂಪನಿಯ 658 ಜನ ಸತ್ತಿದ್ದರು. ಅವರನ್ನು ಕಡಲೆಪುರಿ ಎರಚಿದ ಹಾಗೆ ಎರಚುವುದು ಯಾವ ಕಲೆ?

ಈ ಒಂದು ಪ್ರಶ್ನೆಗೆ ಸುಮಾರು ಮೂರು ವರ್ಷ ಹಿಡಿಯಿತು. ಕೊನೆಗೆ ಯಾರ ಹೆಸರು ಯಾರ ಪಕ್ಕ ಇರಲಿ ಅಂತ ಮನೆಯವರನ್ನೇ ಕೇಳಿದರು. 1,200ರಷ್ಟು ಕೋರಿಕೆ ಬಂದವು. ಕಂಪ್ಯೂಟರ್ ಕೂರಿಸಿ, ಅದು ಬಿಟ್ಟದ್ದನ್ನು ಕೈಯಲ್ಲಿ ಹೊಂದಿಸಿ, 2,983 ಹೆಸರುಗಳನ್ನು ಕಂಚಿನಲ್ಲಿ ಕೊರೆದರು. ಅದರಲ್ಲಿ 1993ರಲ್ಲಿ ಅದೇ ಜಾಗದಲ್ಲಿ ಆದ ಬಾಂಬ್ ಸ್ಫೋಟದಲ್ಲಿ ಸತ್ತ ಆರು ಮಂದಿಯೂ ಇದ್ದಾರೆ. ನೋಡುವವರಿಗೆ ಯಾವ ಕ್ರಮವೂ ಕಾಣುವುದಿಲ್ಲ, ಗೊತ್ತಿದ್ದವರಿಗೆ ಕಾಣುತ್ತದೆ. ಇದನ್ನು ನಗೆಯಾಡಲು ನನಗೆ ಮನಸ್ಸಿಲ್ಲ.

ಹೆಸರುಗಳು ನೆಲದಡಿ ಇರಬೇಕು ಅನ್ನುವುದು ಮೊದಲ ನಕ್ಷೆ. ಮಕ್ಕಳನ್ನು ಮತ್ತೆ ಹೂಳಬೇಡಿ, ಮೇಲೆ ತನ್ನಿ ಅಂತ ಕೆಲವು ಮನೆಯವರು ಗೋಗರೆದರು. ಜಾಸ್ತಿ ಯಾರೂ ಕಿವಿಗೊಡಲಿಲ್ಲ. 2006ರಲ್ಲಿ ಅಂದಾಜು ವೆಚ್ಚ 100 ಕೋಟಿ ಡಾಲರ್ ಹತ್ತಿರ ಹೋಯಿತು, ಅರ್ಧಕ್ಕೆ ಇಳಿಸಿ ಅಂತ ಮೇಲಿಂದ ಅಪ್ಪಣೆ ಬಂತು. ತಕ್ಷಣ ಹೆಸರುಗಳು ಮೇಲೆ ಬಂದವು. ಕಣ್ಣೀರಿಗೆ ಆಗದ ಕೆಲಸ ಬಿಲ್ಲಿಗೆ ಆಯಿತು.

2011ರಲ್ಲಿ ಸ್ಮಾರಕ ತೆರೆಯಿತು, ನೋಡಲು ದುಡ್ಡು ಕೊಡಬೇಕಿಲ್ಲ. ನೆಲದಡಿಯ ಮ್ಯೂಸಿಯಂ ತೆರೆದದ್ದು 2014ರ ಮೇ ತಿಂಗಳಲ್ಲಿ, ಆಗ ಟಿಕೆಟ್ 24 ಡಾಲರ್. ಗುರುತು ಸಿಗದವರ ಅವಶೇಷಗಳನ್ನು ಅಲ್ಲೇ ಒಂದು ಗೋಡೆಯ ಹಿಂದೆ ಇಟ್ಟಿದ್ದಾರೆ. ಅದೇ ಮ್ಯೂಸಿಯಂನಲ್ಲಿ ಒಂದು ಅಂಗಡಿಯೂ ಇದೆ. ಅಲ್ಲಿ ಚೀಸ್ ಇಡುವ ತಟ್ಟೆ ಮಾರಾಟಕ್ಕಿತ್ತು. ಅಮೆರಿಕದ ನಕ್ಷೆಯ ಆಕಾರ, ಅಂದು ದಾಳಿಯ ವಿಮಾನಗಳು ಬಿದ್ದ ಮೂರು ಕಡೆ, ಅಂದರೆ ನ್ಯೂಯಾರ್ಕ್, ವಾಷಿಂಗ್ಟನ್ ಬಳಿ, ಪೆನ್ಸಿಲ್ವೇನಿಯಾ, ಮೂರು ಪುಟ್ಟ ಹೃದಯ.

ಗಲಾಟೆಯಾಯಿತು, ಕೆಲವೇ ದಿನಗಳಲ್ಲಿ ತಟ್ಟೆ ಮಾಯ. ಕಲ್ಲಿಗೆ ಎರಡು ವರ್ಷ ಬೇಕಾಗಿತ್ತು. ಅಷ್ಟರಲ್ಲಿ ಕೊಂಡು ಹೋದವರ ಮನೆಗೆ ನೆಂಟರು ಬಂದಿರುತ್ತಾರೆ, ಚೀಸ್ ತುಂಡನ್ನು ನ್ಯೂಯಾರ್ಕಿನ ಮೇಲೆ ಇಡೋದೋ ಪೆನ್ಸಿಲ್ವೇನಿಯಾ ಮೇಲೆ ಇಡೋದೋ ಅಂತ ಯಾರೋ ಚಾಕು ಹಿಡಿದು ನಿಂತಿರುತ್ತಾರೆ.