ಕೆಂಡೇಜಾ ಅನ್ನೋದು ಬರೀ ರೆಸಾರ್ಟ್ ಹೆಸರಲ್ಲ

ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಎರಡು ವರ್ಷ ಕೆಲ್ಸ ಮಾಡಿದ್ದೆ ಅಂತ ಗೊತ್ತಾದ ತಕ್ಷಣ ಎಲ್ರೂ ಕೇಳೋದು ಎರಡೇ ವಿಷ್ಯ, ಒಂದು ಅಲ್ಲಿನ ಯುದ್ಧ, ಇನ್ನೊಂದು ಎಬೋಲಾ. ತಪ್ಪೇನಿಲ್ಲ ಬಿಡಿ, ನಮ್ಮ ಟೀವೀಲಿ ಬಂದಿದ್ದೇ ಅಷ್ಟು. ಆದ್ರೆ ಆ ದೇಶ ಅಂದ್ರೆ ನಂಗೆ ಮೊದ್ಲು ನೆನಪಾಗೋದು ಕೆಂಡೇಜಾ ಅನ್ನೋ ಹೆಸರು. ತುಂಬಾ ದಿನದಿಂದ ಇದ್ರ ಬಗ್ಗೆ ಬರೀಬೇಕು ಅನ್ಕೋತಾನೇ ಇದ್ದೆ, ಇವತ್ತು ಕೂತು ಬರ್ದುಬಿಡ್ತೀನಿ, ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನಾನಿದ್ದಿದ್ದು ರಾಜಧಾನಿ ಮನ್ರೋವಿಯಾದಲ್ಲಿ, ಅಕ್ಕಿ ಇಂಪೋರ್ಟ್ ಮಾಡೋ ಒಂದು ಕಂಪನಿಯ ಅಕೌಂಟ್ಸ್‌ನಲ್ಲಿ. ಭಾನುವಾರ ಬಂತಂದ್ರೆ ನಾವು ನಾಲ್ಕೈದು ಜನ ಇಂಡಿಯನ್ಸ್ ಸೇರ್ಕೊಂಡು ಬೀಚಿಗೆ ಹೋಗ್ತಿದ್ವಿ. ಏರ್‌ಪೋರ್ಟ್ ಕಡೆ ಹೋಗೋ ರಾಬರ್ಟ್ಸ್‌ಫೀಲ್ಡ್ ರಸ್ತೇಲಿ ಬಂದು ಸಮುದ್ರದ ಕಡೆ ತಿರುಗಿದ್ರೆ ಕೆಂಡೇಜಾ ರೆಸಾರ್ಟ್, ಈಜುಕೊಳ, ತೆಂಗಿನಮರ, ಎದುರಿಗೆ ಅಟ್ಲಾಂಟಿಕ್. ಮೊದಲ್ನೇ ಸಲ ಹೋದಾಗ ನಮ್ಮ ಡ್ರೈವರ್ ಗೇಟ್ ಹತ್ರ ಇಳಿಸಿ ಒಳಗೆ ಬರ್ಲೇ ಇಲ್ಲ. ಐವತ್ತು ದಾಟಿದ ಮನುಷ್ಯ, ಅಲ್ಲಿನ ರೂಢಿ ಪ್ರಕಾರ ನನ್ನ ಬಾಸ್‌ಮ್ಯಾನ್ ಅಂತಾನೇ ಕರೀತಿದ್ದ, ಎಷ್ಟು ಬೇಡ ಅಂದ್ರೂ ಕೇಳ್ತಿರ್ಲಿಲ್ಲ. ಸಂಜೆ ವಾಪಸ್ ಬರ್ತಾ ಕೇಳ್ದೆ, ಯಾಕಣ್ಣ ಒಳಗೆ ಬರ್ಲಿಲ್ಲ, ನೆರಳಲ್ಲಾದ್ರೂ ಕೂರ್ಬಹುದಿತ್ತಲ್ಲ ಅಂತ. ಸ್ವಲ್ಪ ಹೊತ್ತು ಸುಮ್ನಿದ್ದು ಹೇಳ್ದ, ಬಾಸ್‌ಮ್ಯಾನ್, ನಮ್ಮಕ್ಕ ಕುಣಿಯೋದು ಕಲ್ತಿದ್ದು ಅದೇ ಜಾಗದಲ್ಲಿ, ಆಗ ಅಲ್ಲಿ ಗುಡಿಸಲುಗಳಿದ್ವು, ಅಂತ.

ಆಮೇಲೆ ನಾನು ಸಿಕ್ಕಿದವ್ರನ್ನೆಲ್ಲ ಕೇಳ್ಕೊಂಡು, ಹುಡುಕಿ ಓದಿ ತಿಳ್ಕೊಂಡಿದ್ದು ಇಷ್ಟು. 1964ರಲ್ಲಿ, ಟಬ್‌ಮನ್ ಅಧ್ಯಕ್ಷರಾಗಿದ್ದಾಗ, ಅಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ಕೇಂದ್ರ ಅಂತ ಶುರುವಾಯ್ತು. ಅದ್ರ ಹಿಂದೆ ಮುಖ್ಯವಾಗಿ ಇದ್ದವ್ರು ಬೈ ಟಿ. ಮೂರ್, ಕವಿ, ಕಥೆಗಾರ, ಹಳ್ಳಿಹಳ್ಳಿ ಹಾಡು ಕೂಡಿಹಾಕಿದವ್ರು. ಇದು ಎಷ್ಟು ದೊಡ್ಡ ಹೆಜ್ಜೆ ಅಂತ ಗೊತ್ತಾಗ್ಬೇಕಾದ್ರೆ ಲೈಬೀರಿಯಾ ಹುಟ್ಟಿದ ಕಥೆ ಸ್ವಲ್ಪ ಗೊತ್ತಿರ್ಬೇಕು. 1822ರಿಂದ ಅಮೆರಿಕದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ, ಇಲ್ಲಾ ಹುಟ್ಟಿನಿಂದಲೇ ಸ್ವತಂತ್ರರಾಗಿದ್ದ ಕಪ್ಪು ಜನ ಅಲ್ಲಿಗೆ ಬಂದು ನೆಲೆಸಿದ್ರು, 1847ರಲ್ಲಿ ಸ್ವತಂತ್ರ ದೇಶ ಅಂತ ಘೋಷಿಸ್ಕೊಂಡ್ರು, ಆಮೇಲೆ 1980ರ ತನಕ ಅಧಿಕಾರ ಹೆಚ್ಚುಕಮ್ಮಿ ಅವ್ರ ಮನೆತನಗಳ ಕೈಯಲ್ಲೇ ಇತ್ತು. ಅವ್ರಿಗೆ ಕೋಟು, ಟೋಪಿ, ಚರ್ಚು, ಇಂಗ್ಲಿಷು ಅಂದ್ರೆ ನಾಗರಿಕತೆ. ಒಳನಾಡಿನ ಜನ, ಅಂದ್ರೆ ಅಲ್ಲೇ ಮೊದಲಿಂದ ಇದ್ದವ್ರು, ಬರೀ 'ಕಂಟ್ರಿ' ಜನ. ಅವ್ರ ಮಕ್ಕಳು ಪಟ್ಟಣದ ಮನೆಗಳಲ್ಲಿ ಬೆಳೆಯೋಕೆ ಬಂದ್ರೆ ಹೆಸರನ್ನೇ ಬದಲಾಯಿಸಿ ಇಂಗ್ಲಿಷ್ ಹೆಸರು ಇಡ್ತಿದ್ರು. ಮುಖವಾಡ ಹಾಕಿ ಕುಣಿಯೋ ದೈವಗಳಿಗೆ 'ಕಂಟ್ರಿ ಡೆವಿಲ್' ಅಂತ ಬಿದ್ದ ಹೆಸರು ಇವತ್ತಿಗೂ ಅಲ್ಲಿನ ಮಾತಲ್ಲಿ ಹಾಗೇ ಉಳ್ಕೊಂಡಿದೆ. ಅಂಥ ದೇಶದಲ್ಲಿ ಸರ್ಕಾರವೇ ಮುಂದೆ ನಿಂತು, ಈ ಹಾಡು ಈ ಕುಣಿತ ನಮ್ಮ ದೇಶದ್ದು ಅಂತ ಜಾಗ ಕೊಡೋದು ಅಂದ್ರೆ ಸಣ್ಣ ಮಾತಲ್ಲ. ಟಬ್‌ಮನ್ ಅವ್ರ ಒಗ್ಗಟ್ಟಿನ ನೀತಿಯಲ್ಲಿ ರಾಜಕೀಯ ಲೆಕ್ಕಾಚಾರ ಬೇಕಾದಷ್ಟಿತ್ತು, ಇರ್ಲಿ, ಈ ಕೆಲಸ ಮಾತ್ರ ಸರಿಯಾದ್ದು.

ಮತ್ತೆ ಅದು ಟಿಕೆಟ್ ತಗೊಂಡು ಶೋ ನೋಡಿ ಎದ್ದು ಬರೋ ಆಡಿಟೋರಿಯಂ ಆಗಿರ್ಲಿಲ್ಲ, ನನ್ನ ಮಟ್ಟಿಗೆ ಇದೇ ಮುಖ್ಯ ವಿಷ್ಯ. ಅದು ಊರು. ಲೈಬೀರಿಯಾದಲ್ಲಿ 16 ಬುಡಕಟ್ಟು ಅಂತ ಲೆಕ್ಕ ಹೇಳ್ತಾರೆ, ಕ್ಪೆಲ್ಲೆ, ಬಾಸಾ, ವಾಯ್, ಗೋಲಾ, ಕ್ರೂ, ಗ್ರೆಬೋ, ಲೋಮಾ, ಮಾನೋ, ಡ್ಯಾನ್ (ಇವ್ರನ್ನ ಗಿಯೋ ಅಂತಲೂ ಅಂತಾರೆ), ಹೀಗೆ. ಬೇರೆ ಬೇರೆ ಕಡೆಯಿಂದ ಚೆನ್ನಾಗಿ ಹಾಡೋ ಕುಣಿಯೋ ಮಕ್ಕಳನ್ನ ಕರ್ಕೊಂಡು ಬಂದು ಅಲ್ಲೇ ಇಟ್ಕೊಂಡು ಕಲಿಸೋದು. ನಮ್ಮ ಕಡೆ ಮೇಳ ಸೇರಿದ ಹುಡುಗ ಗುರುಗಳ ಜೊತೇಲೇ ಉಂಡು ಮಲಗಿ ಕಲೀತಿದ್ನಲ್ಲ, ಆ ಥರ. ಸಾಂಗ್ಬಾ ಅಂತ ಒಂದು ಮದ್ದಳೆ, ಸಾಸಾ ಅಂತ ಸೋರೆಬುರುಡೆಗೆ ಮಣಿಯ ಬಲೆ ಹೆಣೆದಿರೋದು, ಅದನ್ನ ಎಸೆದು ಹಿಡಿದು ತಾಳ ಹಾಕೋದು ನೋಡ್ಬೇಕು ನೀವು. ವಾಯ್ ಹುಡುಗಿ ಲೋಮಾ ಹಾಡು ಕಲೀತಿದ್ಲು, ಬಾಸಾ ಹುಡುಗ ಡ್ಯಾನ್ ಕುಣಿತ ಕಲೀತಿದ್ದ. ಲೈಬೀರಿಯಾದ ರಾಷ್ಟ್ರೀಯ ಸಾಂಸ್ಕೃತಿಕ ತಂಡ ಹೊರದೇಶಗಳಿಗೆಲ್ಲ ಹೋಗಿ ಬಂದಿದ್ದು ಈ ಮಕ್ಕಳಿಂದಲೇ.

ಗಾಯಕಿಯರಾದ ಫಾತು ಗೇಫ್ಲೋರ್, ಜಾಯೇ ಟೇಟೇ, ಇಬ್ರೂ ಚಿಕ್ಕ ವಯಸ್ಸಲ್ಲೇ ಅಲ್ಲಿಗೆ ಬಂದವ್ರು. ಇವ್ರ ಹಾಡು ಸಿಕ್ರೆ ಖಂಡಿತ ಕೇಳಿ. ಗೇಫ್ಲೋರ್ ತಮ್ಮ ಮನೆಮಾತಲ್ಲಿ ಮಾತ್ರ ಅಲ್ಲ, ಲೈಬೀರಿಯಾದ ಎಷ್ಟೋ ಭಾಷೆಗಳಲ್ಲಿ ಹಾಡ್ತಾರೆ.

ಈ ಮಾತನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, 1989ರ ಡಿಸೆಂಬರಲ್ಲಿ ಶುರುವಾದ ಯುದ್ಧದಲ್ಲಿ ಚೆಕ್‌ಪೋಸ್ಟ್ ಹತ್ರ ಜನರನ್ನ ನಿಲ್ಲಿಸಿ ನಿನ್ನ ಭಾಷೆ ಮಾತಾಡು ಅಂತ ಕೇಳ್ತಿದ್ರಂತೆ, ನೀನು ಕ್ರಾನ್‌ನಾ, ಗಿಯೋನಾ, ಮಾನೋನಾ, ಮಂಡಿಂಗೋನಾ ಅಂತ, ಬಂದೂಕು ಯಾರ ಕೈಯಲ್ಲಿದೆ ಅನ್ನೋದ್ರ ಮೇಲೆ ಉತ್ತರಕ್ಕೆ ಬೆಲೆ. ಎರಡು ಯುದ್ಧ, 2003ಕ್ಕೆ ನಿಂತ್ವು, ಸತ್ತವ್ರು ಸುಮಾರು 2,50,000 ಅಂತ ಹೇಳ್ತಾರೆ. ಭಾಷೆ ಕೇಳಿ ಕೊಲ್ತಿದ್ದ ಅದೇ ನೆಲದಲ್ಲಿ, ಪಕ್ಕದ ಜನದ ಭಾಷೇಲಿ ಹಾಡು ಕಲಿಸೋ ಒಂದು ಊರಿತ್ತು. ಇದನ್ನ ಯೋಚನೆ ಮಾಡಿದಾಗೆಲ್ಲ ನಂಗೆ ಗಂಟಲು ಕಟ್ಟುತ್ತೆ. ಕೆಂಡೇಜಾ ಇದ್ದಿದ್ದಕ್ಕೆ ಯುದ್ಧ ತಪ್ಪಲಿಲ್ಲ ನಿಜ, ಆದ್ರೆ ಯುದ್ಧ ಮುಗಿದ ಮೇಲೆ ಆ ದೇಶಕ್ಕೆ ಅಂಥ ಊರು ಮೊದಲಿಗಿಂತ ಜಾಸ್ತಿ ಬೇಕಿತ್ತು.

ಆಗಿದ್ದು ಉಲ್ಟಾ. ಯುದ್ಧದಲ್ಲಿ ಕೇಂದ್ರ ಹಾಳಾಗಿತ್ತು, ಕಲಾವಿದರು ದೇಶ ಬಿಟ್ಟಿದ್ರು. ಸರ್ಕಾರ ಆ ಸಮುದ್ರದ ದಂಡೆ ಜಾಗವನ್ನ ಹೋಟೆಲಿಗೆ ಕೊಡ್ತು, ಅಮೆರಿಕದ ದೊಡ್ಡ ಉದ್ಯಮಿ ರಾಬರ್ಟ್ ಜಾನ್ಸನ್ ಅವ್ರ ಕಂಪನಿ ಕಟ್ಟಿದ ರೆಸಾರ್ಟು 2009ರಲ್ಲಿ ಶುರುವಾಯ್ತು. ನ್ಯಾಯವಾಗಿ ಹೇಳ್ಬೇಕಂದ್ರೆ ಆ ಟೈಮಲ್ಲಿ ಲೈಬೀರಿಯಾಗೆ ದುಡ್ಡು ಹಾಕೋಕೆ ಯಾರೂ ಮುಂದೆ ಬರ್ತಿರ್ಲಿಲ್ಲ, ಕರೆಂಟಿಲ್ಲ, ನೀರಿಲ್ಲ, ಕೆಲ್ಸ ಇಲ್ಲ, ನಾನು ಹೋಗಿದ್ದು ಅದೆಷ್ಟೋ ವರ್ಷ ಆದ್ಮೇಲೆ, ಆಗ್ಲೂ ನಮ್ಮ ಬೀದೀಲಿ ದಿನವಿಡೀ ಜನರೇಟರ್ ಸದ್ದೇ. ಅಲ್ಲಿ ಕೆಲ್ಸ ಸಿಕ್ಕಿದ ಜನಕ್ಕೆ ಅದು ಅನ್ನ. ಬಂದವ್ರ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ಅಷ್ಟುದ್ದ ಕರಾವಳಿ ಇರೋ ದೇಶದಲ್ಲಿ ಹೋಟೆಲಿಗೆ ಅದೇ ಜಾಗ ಯಾಕೆ ಬೇಕಿತ್ತು? ಕೊಟ್ಟಿದ್ದೇ ಆದ್ರೆ, ಅದಕ್ಕಿಂತ ಮುಂಚೆ ಇನ್ನೊಂದು ಕಡೆ ಆ ಊರನ್ನ ಪೂರ್ತಿ ಕಟ್ಟಿ, ಗುರುಗಳನ್ನ ಕರ್ದು ಕೂರಿಸಿ, ಮಕ್ಕಳನ್ನ ಸೇರಿಸಿ, ಆಮೇಲೆ ಇಲ್ಲಿ ಪಾಯ ತೆಗೀಬೇಕಿತ್ತು. ಕುಣಿತವನ್ನ ಗಂಟು ಕಟ್ಕೊಂಡು ಹೋಗಿ ಬೇರೆ ಕಡೆ ಇಳಿಸೋಕೆ ಅದೇನು ಕುರ್ಚಿ ಮೇಜಾ?

ಇನ್ನೊಂದು ಮಾತೂ ಹೇಳ್ಬೇಕು. ಕೆಂಡೇಜಾ ಬಗ್ಗೆ ಆಕ್ಷೇಪಣೆ ಎತ್ತೋರು ಇದ್ದಾರೆ, ಕಾಡಿನೊಳಗೆ ಆಗ್ಬೇಕಾದ್ದನ್ನ ವೇದಿಕೆಗೆ ತಂದು ಜೀವ ತೆಗೆದ್ರು ಅಂತ. ಅಲ್ಲಿ ಪೋರೋ ಅಂತ ಗಂಡಸರ ಸಂಘ, ಸಾಂಡೇ ಅಂತ ಹೆಂಗಸರ ಸಂಘ, ಗುಟ್ಟಿನ ವ್ಯವಹಾರ. ಗೋಲಾ, ವಾಯ್, ಮೆಂಡೆ ಜನದಲ್ಲಿ ಹೆಂಗಸರೇ ಮುಖವಾಡ ಹಾಕ್ತಾರೆ, ಆಫ್ರಿಕಾದಲ್ಲೇ ಅದು ಅಪರೂಪ. ಗ್ಬೇಟು ಅಂತ ಇನ್ನೊಂದು ಮುಖವಾಡದ ಕುಣಿತ ಇದೆ, ಮೈಯೆಲ್ಲಾ ನಾರಿನ ಉಡುಗೆ, ಕುಣೀತಾ ಕುಣೀತಾ ಎತ್ತರಕ್ಕೆ ಬೆಳೆಯುತ್ತೆ, ನೋಡ್ತಿದ್ದಂಗೇ ಕುಸಿದು ನೆಲಕ್ಕೆ ಅಂಟ್ಕೊಳ್ಳುತ್ತೆ, ಜುಲೈ 26ರ ಸ್ವಾತಂತ್ರ್ಯ ದಿನ ಒಂದು ಬೀದೀಲಿ ನೋಡ್ದೆ, ಪಕ್ಕದಲ್ಲಿದ್ದ ಮಕ್ಕಳು ಕಿರುಚ್ಕೊಂಡು ನನ್ನ ಹಿಂದೆ ಬಚ್ಚಿಟ್ಕೊಂಡ್ವು. ಇಂಥದ್ದನ್ನ ಟೂರಿಸ್ಟ್ ಶೋ ಮಾಡ್ಬಾರ್ದು ಅನ್ನೋದು ನಂಗೂ ಅರ್ಥ ಆಗುತ್ತೆ. ಆದ್ರೆ ಅದೇ ಸಾಂಡೇ ಒಳಗೆ ಹೆಣ್ಮಕ್ಕಳ ಅಂಗ ಕತ್ತರಿಸೋ ಪದ್ಧತಿ ಇದೆ. ಅದು ನಿಲ್ಲಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ, ನಿಲ್ಲಿಸೋಕೆ ಅಲ್ಲಿನ ಹೆಂಗಸರೇ ಹೋರಾಡ್ತಿದಾರೆ. ಹಾಗಾದ್ರೆ ಆ ಸಂಘದ ಹಾಡು, ಹೆಜ್ಜೆ, ಕೂದಲು ಹೆಣೆಯೋ ಕಲೆ, ಇವೆಲ್ಲ ಎಲ್ಲಿಗೆ ಹೋಗ್ಬೇಕು? ಕತ್ತಿ ಹೊರಗಿಟ್ಟು ಹಾಡು ಕಲಿಸೋಕೆ ಒಂದು ಜಾಗ ಬೇಕಲ್ವಾ? ಕೆಂಡೇಜಾದಂಥ ಜಾಗದಿಂದ ಮಾತ್ರ ಆಗೋ ಕೆಲಸ ಇದು, ಮ್ಯೂಸಿಯಂನಿಂದ ಆಗಲ್ಲ, ಯೂಟ್ಯೂಬಿಂದಂತೂ ಆಗಲ್ಲ.

ಗೇಫ್ಲೋರ್ ಈಗಿರೋದು ಅಮೆರಿಕದಲ್ಲಿ. ಅವ್ರೂ ಟೇಟೇ ಅವ್ರೂ ಇನ್ನೂ ಕೆಲವ್ರೂ ಸೇರಿ ಫಿಲಡೆಲ್ಫಿಯಾದಲ್ಲಿ ಹೆಂಗಸರ ಮೇಳ ಕಟ್ಟಿ, ವಲಸೆ ಬಂದ ಮನೆಗಳಲ್ಲಿ ಹೊಡೆತ ಬಡಿತದ ವಿರುದ್ಧ ಹಾಡಿದಾರೆ. ಎಲ್ಲೋ ದೂರದ ಊರಲ್ಲಿ ಆ ಕಲೆ ಜನರ ಕಷ್ಟಕ್ಕೆ ಆಗ್ತಿದೆ, ಹುಟ್ಟಿದ ಕಡೆ ಅದಕ್ಕೆ ಆ ಹಳೇ ಅಂಗಳ ಇಲ್ಲ. ಅಲ್ಲಿ ಕಲ್ತ ತಲೆಮಾರಿಗೆ ಈಗ ವಯಸ್ಸಾಗ್ತಿದೆ. ದೊಡ್ಡ ಕಟ್ಟಡ ಯಾರಿಗೂ ಬೇಡ, ಸ್ವಲ್ಪ ನೆಲ, ಉಳ್ಕೊಳ್ಳೋಕೆ ಸೂರು, ಗುರುಗಳಿಗೆ ತಿಂಗಳು ತಿಂಗಳು ತಪ್ಪದೆ ಸಂಬಳ, ಇಷ್ಟನ್ನ ಲೈಬೀರಿಯಾ ಸರ್ಕಾರ ಮಾಡ್ಬೇಕು, ಈಗ್ಲೇ ಮಾಡ್ಬೇಕು.

ವಾಪಸ್ ಬರೋ ಮುಂಚಿನ ವಾರ ಡ್ರೈವರ್ ನನ್ನ ಅವ್ರಕ್ಕನ ಮನೆಗೆ ಕರ್ಕೊಂಡು ಹೋಗಿದ್ದ. ಅಲ್ಲಿ ವಯಸ್ಸಾದ ಹೆಂಗಸರಿಗೆ ಓಲ್ಡ್ ಮಾ ಅಂತಾರೆ, ನಾನೂ ಹಾಗೇ ಕರ್ದೆ. ಮಂಡಿನೋವು, ಕುಣಿಯೋಕಾಗಲ್ಲ, ಆದ್ರೆ ಸಾಸಾ ಕೈಗೆ ಬಂದ ತಕ್ಷಣ ಅವ್ರ ಭುಜ ನೆಟ್ಟಗಾಗಿದ್ದನ್ನ ನಾನು ಕಣ್ಣಾರೆ ನೋಡ್ದೆ. ಅಂಗಳದಲ್ಲಿ ಮೂರು ಮೊಮ್ಮಕ್ಕಳನ್ನ ನಿಲ್ಲಿಸಿ ಒಂದು ಹಾಡು, ಇನ್ನೊಂದು ಹಾಡು. ಮೂರನೇದು ಅವ್ರದಲ್ಲದ ಭಾಷೆ, ಕೆಂಡೇಜಾದಲ್ಲಿ ಪಕ್ಕದ ಹಾಸಿಗೇಲಿ ಮಲಗ್ತಿದ್ದ ಗೆಳತಿ ಕಲಿಸಿದ್ದಂತೆ, ಅರ್ಧಕ್ಕೆ ಪದ ಮರ್ತುಹೋಯ್ತು. ಫೋನ್ ತೆಗೆದು ಅಮೆರಿಕದಲ್ಲಿರೋ ಆ ಗೆಳತಿಗೆ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ರು, ಇಲ್ಲಿಂದ ಮುಂದೇನು ಅಂತ. ಉತ್ತರ ಬರೋ ತನಕ ಎಲ್ರೂ ಕಾಯ್ತಾ ಕೂತ್ವಿ, ಚಿಕ್ಕವಳು ಮಾತ್ರ ಕೂರ್ಲಿಲ್ಲ, ಅಜ್ಜಿ ಎಲ್ಲಿ ನಿಲ್ಲಿಸಿದ್ರೋ ಅದೇ ಹೆಜ್ಜೇನ ಮತ್ತೆ ಮತ್ತೆ ಹಾಕ್ತಾನೇ ಇದ್ಲು.