ಅಲೈನ್‌ಮೆಂಟ್‌ಗೆ ದುಡ್ಡು ಕೊಡುವ ಮೊದಲು ಜಾಕ್ ಹಾಕಿ ಟೈರ್ ಅಲ್ಲಾಡಿಸಿ ನೋಡಿ

ಕಳೆದ ವರ್ಷ ನಾನೂ ನನ್ನ ಬಾಮೈದನೂ ಸೇರಿ ಒಂದು ಹಳೇ ಪಿಕಪ್ ತಗೊಂಡೆವು. ಎಂಜಿನ್ ಚೆನ್ನಾಗಿತ್ತು, ಹೊಸದಾಗಿ ಪೇಂಟ್ ಆಗಿತ್ತು, ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್ ಎಲ್ಲ ಸರಿ ಇತ್ತು. ಬಾನೆಟ್ ಎತ್ತಿ ಅಷ್ಟು ಹೊತ್ತು ನೋಡಿದ ನಮಗೆ ಕೆಳಗೆ ಬಗ್ಗಿ ಮುಂದಿನ ಚಕ್ರದ ಹಿಂದೆ ಏನಿದೆ ಅಂತ ನೋಡಬೇಕು ಅನ್ನಿಸಲೇ ಇಲ್ಲ.

ವಾರದೊಳಗೆ ಗೊತ್ತಾಯಿತು. ವೇಮಗಲ್ ಕಡೆಯಿಂದ ಟೊಮೆಟೊ ತುಂಬಿಕೊಂಡು ಕೋಲಾರ ಮಾರ್ಕೆಟ್‌ಗೆ ಬರುವಾಗ ಒಂದೊಂದು ಹಂಪ್‌ಗೂ ಎಡಗಡೆ ಮುಂದೆ ಟಕ್ ಅಂತ ಸದ್ದು. ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು, ಬ್ರೇಕ್ ಹಿಡಿದರೆ ಇನ್ನೂ ಜಾಸ್ತಿ. ಯಾರನ್ನು ಕೇಳಿದರೂ ಚಕ್ರಗಳ ಕೋನ ಸರಿಮಾಡಿಸುವ ಒಂದೇ ಮಾತು, ‘ಅಲೈನ್‌ಮೆಂಟ್ ಮಾಡಿಸಿ ಸರಿಹೋಗುತ್ತೆ.’ ಮಾಡಿಸಿದೆ. ಒಂದಲ್ಲ, ಮೂರು ಸಲ. ಪ್ರತಿ ಸಲ ಕಂಪ್ಯೂಟರ್‌ನಲ್ಲಿ ಎಲ್ಲ ಹಸಿರು ತೋರಿಸುತ್ತಿತ್ತು, ಎಂಟು ದಿನಕ್ಕೆ ಮತ್ತೆ ಅದೇ ಕಥೆ. ಅಷ್ಟರಲ್ಲಿ ಎಡಗಡೆ ಮುಂದಿನ ಟೈರ್ ಒಳಗಿನ ಅಂಚು ಸವೆದು ತಂತಿ ಕಾಣುತ್ತಿತ್ತು. ಹೊರಗಿನಿಂದ ನೋಡಿದರೆ ಟೈರ್‌ಗೆ ಏನೂ ಆಗಿಲ್ಲ ಅನ್ನೋ ಹಾಗಿತ್ತು, ಸ್ಟೇರಿಂಗ್ ಪೂರ್ತಿ ತಿರುಗಿಸಿ ಒಳಗಡೆ ಕೈ ಆಡಿಸಿದಾಗಲೇ ತಂತಿ ಚುಚ್ಚಿ ಗೊತ್ತಾಗಿದ್ದು.

ಕೊನೆಗೆ ಊರಾಚೆ ಒಂದು ಸಣ್ಣ ಶೆಡ್ ಇಟ್ಟುಕೊಂಡಿರುವ ವಯಸ್ಸಾದ ಭಾಯ್ ಒಬ್ಬರ ಹತ್ತಿರ ಹೋದೆ. ಅವರು ಗಾಡಿ ಓಡಿಸಿ ಕೂಡ ನೋಡಲಿಲ್ಲ. ಜಾಕನ್ನು ಚಾಸಿಗೆ (ಗಾಡಿಯ ಅಡಿಚೌಕಟ್ಟಿಗೆ) ಕೊಡದೆ ಕೆಳಗಿನ ಆರ್ಮ್‌ಗೆ, ಅಂದರೆ ಚಕ್ರವನ್ನು ಚಾಸಿಗೆ ಜೋಡಿಸುವ ತೋಳಿಗೆ, ಚಕ್ರದ ಹತ್ತಿರ ಕೊಟ್ಟು ಎತ್ತಿದರು. ಯಾಕೆ ಅಂತ ಕೇಳಿದೆ. ನಮ್ಮದು ಮುಂದೆ ಕಾಯಿಲ್ ಸ್ಪ್ರಿಂಗ್ ಇರುವ ಗಾಡಿ, ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿರುತ್ತೆ. ಚಾಸಿಗೆ ಜಾಕ್ ಕೊಟ್ಟರೆ ಸ್ಪ್ರಿಂಗ್ ಆರ್ಮನ್ನು ಒತ್ತಿ ಹಿಡಿದು, ಬಾಲ್ ಜಾಯಿಂಟ್ (ಆರ್ಮನ್ನೂ ಚಕ್ರದ ಕಡೆಯನ್ನೂ ಸೇರಿಸುವ ಗುಂಡು ಕೀಲು) ಸವೆದಿದ್ದರೂ ಬಿಗಿಯಾಗಿದ್ದ ಹಾಗೆ ಕಾಣುತ್ತೆ. ಆರ್ಮ್‌ಗೇ ಕೊಟ್ಟರೆ ಆ ಒತ್ತಡ ಜಾಯಿಂಟ್ ಮೇಲೆ ಬೀಳಲ್ಲ, ಆಟ, ಅಂದರೆ ಸಡಿಲ, ಇದ್ದರೆ ಹೊರಗೆ ಬರುತ್ತೆ.

ಆಮೇಲೆ ಟೈರ್ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರು. ಲಟಲಟ ಅಂತು. ‘ಬ್ರೇಕ್ ತುಳೀರಿ ಅಣ್ಣಾ’ ಅಂದರು. ತುಳಿದೆ. ಆಗಲೂ ಅಲ್ಲಾಡಿತು. ಬ್ರೇಕ್ ತುಳಿದಾಗ ಆಟ ನಿಂತರೆ ವೀಲ್ ಬೇರಿಂಗ್ ಲೂಸು, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಕಡೆ ನೋಡಬೇಕು. ಇಷ್ಟು ಸುಲಭದ ಪರೀಕ್ಷೆ ಮೂರು ಅಂಗಡಿಯಲ್ಲಿ ಒಬ್ಬರೂ ಮಾಡಿರಲಿಲ್ಲ. ಮತ್ತೆ ಟೈರನ್ನು ಎಡಕ್ಕೂ ಬಲಕ್ಕೂ ಹಿಡಿದು ಅಲ್ಲಾಡಿಸಿದರೆ ಸ್ಟೇರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡ್ ಕೂಡ ಸ್ವಲ್ಪ ಆಡುತ್ತಿತ್ತು.

ಟಾರ್ಚ್ ಹಿಡಿದು ನನ್ನನ್ನೂ ಕೆಳಗೆ ಕರೆದರು. ಕೆಳಗಿನ ಬಾಲ್ ಜಾಯಿಂಟ್‌ನ ರಬ್ಬರ್ ಟೋಪಿ ಹರಿದು ಯಾವ ಕಾಲವಾಗಿತ್ತೋ, ಒಳಗೆ ಗ್ರೀಸ್ ಇರಬೇಕಾದ ಕಡೆ ಕೆಂಪು ಮಣ್ಣು, ತುಕ್ಕು. ಬಾಮೈದ ಟೈರ್ ಕೆಳಗೆ ರಾಡ್ ಕೊಟ್ಟು ಮೀಟಿದ, ಜಾಯಿಂಟ್ ಕಣ್ಣಿಗೆ ಕಾಣುವಷ್ಟು ಮೇಲೆ ಕೆಳಗೆ ಆಡಿತು. ‘ಇದು ಕಳಚಿದ್ರೆ ಚಕ್ರ ಮಡಚಿಕೊಂಡು ಹೊರಗೆ ಬರುತ್ತೆ ಅಣ್ಣಾ, ಸ್ಟೇರಿಂಗ್ ಹಿಡಿದು ಏನೂ ಪ್ರಯೋಜನ ಇಲ್ಲ’ ಅಂದರು. ಅದಕ್ಕೂ ಹಿಂದಿನ ಭಾನುವಾರ ಅದೇ ಗಾಡಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಮುಳಬಾಗಿಲು ದಾಟಿ ಕುರುಡುಮಲೆಗೆ ಹೋಗಿ ಬಂದಿದ್ದೆ, ಹೈವೇಯಲ್ಲಿ 70–80ರಲ್ಲಿ. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಹೇಗೋ ಆಗುತ್ತೆ.

ಅಲೈನ್‌ಮೆಂಟ್ ಯಾಕೆ ನಿಲ್ಲಲಿಲ್ಲ ಅಂತ ಆಗ ಅರ್ಥವಾಯಿತು. ಮೆಷಿನ್ ಅಳೆಯುವುದು ನಿಂತ ಗಾಡಿಯನ್ನು. ಜಾಯಿಂಟ್ ಸಡಿಲವಿದ್ದರೆ ನಿಂತಾಗ ಚಕ್ರ ಒಂದು ಕಡೆ, ಲೋಡ್ ಹೊತ್ತು ಓಡುವಾಗ ಇನ್ನೊಂದು ಕಡೆ. ಬ್ರೇಕ್ ಹಿಡಿದಾಗ ಎಳೆಯುತ್ತಿದ್ದದ್ದು ಆರ್ಮ್ ಚಾಸಿಗೆ ಸೇರುವ ಕಡೆ ಇರುವ ರಬ್ಬರ್ ಬುಷ್‌ನಿಂದ. ರಬ್ಬರ್ ಸೀಳಿಹೋಗಿ ಆರ್ಮ್ ಹಿಂದಕ್ಕೆ ಸರಿಯುತ್ತಿತ್ತು.

ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಎರಡೂ ಕಡೆ ಬುಷ್, ಎರಡೂ ಕಡೆ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಶಾಕ್ ಒಂದೇ ಕಡೆ ಹೊಸದು ಹಾಕಬೇಡಿ, ಒಂದು ಕಡೆ ಗಟ್ಟಿ ಒಂದು ಕಡೆ ಮೆತ್ತಗೆ ಆಗುತ್ತೆ. ಕಾಯಿಲ್ ಸ್ಪ್ರಿಂಗ್ ಬಿಚ್ಚುವ ಕೆಲಸವನ್ನು ಮನೆ ಹತ್ತಿರ ಯಾರೂ ಕೈ ಹಾಕಿ ಮಾಡಬೇಡಿ, ಅದು ಚಿಮ್ಮಿದರೆ ಪ್ರಾಣಕ್ಕೇ ಕುತ್ತು.

ಒಂದು ವಿಷಯ ಮಾತ್ರ ನಿಂತು ನೋಡಿ. ಎಷ್ಟೋ ಮೆಕಾನಿಕ್‌ಗಳು ಬುಷ್‌ನ ಬೋಲ್ಟನ್ನು ಗಾಡಿ ಜಾಕ್ ಮೇಲಿದ್ದಾಗಲೇ ಬಿಗಿ ಮಾಡಿಬಿಡುತ್ತಾರೆ. ಭಾಯ್ ಹಾಗೆ ಮಾಡಲಿಲ್ಲ. ಬೋಲ್ಟ್‌ಗಳನ್ನು ಸುಮ್ನೆ ಕೈಯಲ್ಲಿ ತಿರುಗಿಸಿ ಕೂರಿಸಿ, ಗಾಡಿ ಇಳಿಸಿ, ಚಕ್ರದ ಮೇಲೆ ಭಾರ ಬಿದ್ದ ಮೇಲೆ ಕೆಳಗೆ ತೂರಿ ಮಲಗಿ ಪೂರ್ತಿ ಬಿಗಿ ಮಾಡಿದರು. ಆರ್ಮ್ ಜೋತುಬಿದ್ದಾಗ ಬಿಗಿ ಮಾಡಿದರೆ, ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತೆ, ಹೊಸ ಬುಷ್ ಕೂಡ ಬೇಗ ಹರಿಯುತ್ತೆ. ಆಮೇಲೆ ನಾವು ‘ಪಾರ್ಟ್ ಡುಪ್ಲಿಕೇಟ್’ ಅಂತ ಅಂಗಡಿಯವನನ್ನು ಬೈಯುತ್ತೇವೆ, ಅಲ್ವಾ? ಎಲ್ಲ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿದೆವು. ಅದು ಇವತ್ತಿಗೂ ಹಾಗೇ ನಿಂತಿದೆ.

ಲೋಡ್ ವಿಷಯದಲ್ಲೂ ತಪ್ಪು ನಮ್ಮ ಕಡೆ ಇದೆ. ನಮ್ಮ ಮಾರ್ಕೆಟ್‌ನ ಬಾಕ್ಸ್ 15 ಕೆಜಿ, ನೂರು ಬಾಕ್ಸ್ ಅಂದರೆ ಒಂದೂವರೆ ಟನ್. 2023ರ ಜುಲೈನಲ್ಲಿ ಬಾಕ್ಸ್ ಬೆಲೆ 2,000 ದಾಟಿದಾಗ ಇನ್ನಿಪ್ಪತ್ತು ಹಾಕು, ಇನ್ನು ಮೂವತ್ತು ಹಾಕು ಅಂತ ತುಂಬದವರು ಯಾರಿದ್ದಾರೆ? ಆ ಭಾರದಲ್ಲಿ ನಮ್ಮೂರ ಹಂಪ್ ಹತ್ತಿಸಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂಟಿಮೀಟರ್ ಎತ್ತರ, ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ಮೆತ್ತಗೆ ಏರಿ ಇಳಿಯುವಂಥದ್ದು. ನಮ್ಮಲ್ಲಿ ಜಲ್ಲಿ ಸಿಮೆಂಟ್ ಸುರಿದು ಗೋಡೆ ಥರ ಕಟ್ಟಿರುತ್ತಾರೆ. ಮಕ್ಕಳು ಓಡಾಡುವ ಕಡೆ ಹಂಪ್ ಬೇಕೇ ಬೇಕು, ಆದರೆ ಸರಿಯಾಗಿ ಹಾಕಿಸಿ ಅಂತ ಪಂಚಾಯಿತಿಯಲ್ಲಿ ನಾವೇ ಕೇಳಬೇಕು.

ಹಳೇ ಪಿಕಪ್ ನೋಡಲು ಹೋಗುವವರು ದಯವಿಟ್ಟು ಇದನ್ನು ನೆನಪಿಡಿ. ಮುಂದಿನ ಎರಡು ಟೈರ್ ಮಾತ್ರ ಹೊಸದಿದ್ದರೆ ಖುಷಿಪಡಬೇಡಿ, ಹಳೇ ಟೈರ್ ಎಲ್ಲಿ ಅಂತ ಕೇಳಿ. ಒಳ ಅಂಚು ಸವೆದದ್ದು ಹೊಸ ಟೈರ್ ಹಾಕಿದರೆ ಮುಚ್ಚಿಹೋಗುತ್ತೆ. ಮುಂದೆಯೂ ಲೀಫ್ ಸ್ಪ್ರಿಂಗ್ ಇರುವ ಗಾಡಿಯಾದರೆ ಬಾಲ್ ಜಾಯಿಂಟ್ ಬದಲು ಚಕ್ರ ಎಡಬಲ ತಿರುಗುವ ಕಿಂಗ್ ಪಿನ್ ನೋಡಿ, ಸ್ಪ್ರಿಂಗ್ ತುದಿಯ ಕೊಂಡಿಯಲ್ಲಿರುವ ಶ್ಯಾಕಲ್ ಬುಷ್ ನೋಡಿ, ಗ್ರೀಸ್ ತುಂಬುವ ನಿಪ್ಪಲ್ ಒಣಗಿದೆಯಾ ನೋಡಿ. ಮೆಕಾನಿಕ್ ‘ಇದು ಹೋಗಿದೆ’ ಅಂದರೆ ‘ಎಲ್ಲಿ, ಅಲ್ಲಾಡಿಸಿ ತೋರಿಸಿ’ ಅಂತ ಕೇಳಲು ಸಂಕೋಚ ಬೇಡ. ಒಳ್ಳೆಯವರು ಖುಷಿಯಾಗಿ ತೋರಿಸುತ್ತಾರೆ.

ವೇಮಗಲ್ ಸುತ್ತಮುತ್ತ ಯಾರಿಗಾದರೂ ಅನುಮಾನ ಇದ್ದರೆ ಭಾನುವಾರ ಬೆಳಗ್ಗೆ ಗಾಡಿ ತನ್ನಿ. ಜಾಕ್ ಇದೆ, ಉದ್ದದ ರಾಡ್ ಇದೆ, ಬ್ರೇಕ್ ತುಳಿಯಲು ಬಾಮೈದ ಇದ್ದಾನೆ. ಲೋಡ್ ಮಾತ್ರ ಇಳಿಸಿಕೊಂಡು ಬನ್ನಿ.